ಮೂರನೆಯ ಚಿತ್ರವನ್ನು ಎಣಿಸಿದವರಿಲ್ಲ

"ತನ್ನ ಪ್ರಬಂಧಕ್ಕೆ ಬೇಕಾಗಿದ್ದ ಒಂದು ಗೆರೆಗಾಗಿ ಆ ಭೂಭೌತ ವಿಜ್ಞಾನಿ, ಬಾವಿಯೊಳಗೆ ಮನುಷ್ಯನಿದ್ದಾನೆಂದು ತಿಳಿದೂ, ಬಿಳಿಯ ಕಾಗದ ಬೀಸಿ ತನ್ನ ಮದ್ದು ಹಾರಿಸಲು ಸನ್ನೆ ಮಾಡಿದ. ಹನುಮಂತನೆಂಬ ಬಡವ ಛಿದ್ರವಾಗಿ ಸತ್ತ. ರೊಚ್ಚಿಗೆದ್ದ ಊರು ಅವನನ್ನು ಹೊಡೆದು ಓಡಿಸಿತು. ಆದರೆ ಅದೇ ಗೆರೆಯಿಂದ ಅವನು ದೇಶವಿದೇಶಗಳಲ್ಲಿ ಹೆಸರು ಮಾಡಿದ."

ಹಾನಗಲ್ಲಿನಲ್ಲಿ ಅಚ್ಚಾದ ಒಂದು ಸ್ಮರಣ ಸಂಚಿಕೆಯಲ್ಲಿ ಹೀಗೆ ಬರೆದಿದೆ. ಬರೆದವರು ನಿವೃತ್ತ ಪ್ರಾಧ್ಯಾಪಕರು. ಅಡಿಟಿಪ್ಪಣಿಯಲ್ಲಿ ಮೂರು ಇಂಗ್ಲಿಷ್ ಲೇಖನಗಳನ್ನು ಆಧಾರವಾಗಿ ಕೊಟ್ಟಿದ್ದಾರೆ. ಹಾನಗಲ್, ಹಿರೇಕೆರೂರು, ಶಿಗ್ಗಾಂವಿ, ಸವಣೂರು ನಾಲ್ಕೂ ಕಡೆ ಈಗ ಈ ಕಥೆಯೇ ನಡೆಯುತ್ತದೆ.

ಇದರಲ್ಲಿ ಹನುಮಂತ ಸತ್ತದ್ದು ನಿಜ. ಬಿಳಿಯ ಕಾಗದ ಬೀಸಿದ್ದು ನಿಜ. ಹೊಡೆದದ್ದೂ ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ನಾನು ನಾಲ್ಕನೆಯ ಇಯತ್ತೆ ದಾಟದವನು. ಪ್ರಾಧ್ಯಾಪಕರೊಂದಿಗೆ ವಾದಿಸಲು ವಿದ್ಯೆಯ ಅಧಿಕಾರ ನನಗಿಲ್ಲ. ಆದರೆ ಆ ದಿನ ಬಾವಿಯ ದಂಡೆಯ ಮೇಲೆ ನಿಂತು ಮದ್ದಿನ ಸಪ್ಪಳ ಎಣಿಸಿ, "ಇಳಿ" ಎಂದು ಹನುಮಂತನಿಗೆ ಹೇಳಿದವನು ನಾನು. ಸಂಚಿಕೆಯ ಕಥೆ ನಿಜವಾದರೆ ನನ್ನ ಮೇಲೆ ಯಾವ ತಪ್ಪೂ ಉಳಿಯುವುದಿಲ್ಲ. ನನಗೆ ಇಷ್ಟು ಅನುಕೂಲವಾಗಿರುವ ಕಥೆಯನ್ನು ನಾನು ಸುಮ್ಮನೆ ನಂಬಲಾರೆ.

ಆ ವಿಜ್ಞಾನಿ ಸವಣೂರಿನ ಒಂದು ವೈಷ್ಣವ ಮನೆತನದವರು. ಅಜ್ಜ, ಮುತ್ತಜ್ಜ ಎಲ್ಲ ಶಾಸ್ತ್ರ ಹೇಳಿದವರು. ಇವರು ದೂರದ ಒಂದು ಸಂಸ್ಥೆಯಲ್ಲಿ ಭೂಮಿಯ ಒಳಗಿನ ಕಲ್ಲನ್ನು ಅಳೆಯುವ ಕೆಲಸ ಹಿಡಿದು, ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಅಂತರ್ಜಲ ಹುಡುಕಲು ಜೀಪಿನಲ್ಲಿ ಬಂದರು. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಹೆಸರು ಬರೆಯಬೇಡವೆಂದು ಅವರೇ ನನಗೆ ಹೇಳಿದ್ದರಿಂದ ಇಲ್ಲಿಯೂ ಸಾಹೇಬರೆಂದೇ ಬರೆಯುತ್ತೇನೆ.

ಎತ್ತರದ ಆಳು. ಎಲ್ಲಿಯಾದರೂ ಕೂಡುವ ಮೊದಲು ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಒದ್ದು ನೋಡುವ ಚಾಳಿ. ಮದುವೆಯ ಪಂಕ್ತಿಯಲ್ಲಿಯೂ ಹಾಗೆ ಮಾಡುತ್ತಿದ್ದರಂತೆ. ಸಿಟ್ಟು ಬಂದರೆ ಕೈಗೆ ಸಿಕ್ಕದ್ದನ್ನು ಎಸೆಯುತ್ತಿದ್ದರು. ಒಮ್ಮೆ ತೆಂಗಿನಕಾಯಿ ಅಂಗೈ ಮೇಲೆ ನಿಲ್ಲಿಸಿ ನೀರು ತೋರಿಸುವವನೊಬ್ಬ ಅವರ ಮುಂದೆ ಕಾಯಿ ಎದ್ದು ನಿಂತಿತೆಂದು ಕೂಗಿದಾಗ, ಅದನ್ನು ಕಸಿದುಕೊಂಡು ಕಲ್ಲಿಗೆ ಬಡಿದು ಒಡೆದರು. ಒಂದು ಹೋಳು ತಾವು ತಿಂದು, ಇನ್ನೊಂದನ್ನು ಅವನ ಕೈಗೆ ಕೊಟ್ಟು, "ಇದರಾಗ ನೀರಿತ್ತು. ಇಷ್ಟು ಮಾತ್ರ ಖರೆ" ಎಂದರು.

ಅವರ ಕೆಲಸದ ರೀತಿಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನೆಲದಲ್ಲಿ ಸಾಲಾಗಿ ಸಣ್ಣ ಡಬ್ಬಿಗಳನ್ನು ಚುಚ್ಚಿ, ಅವುಗಳಿಂದ ಯಂತ್ರಕ್ಕೆ ತಂತಿ ಎಳೆಯುತ್ತಿದ್ದರು. ನಾವು ಅವನ್ನು ಕಿವಿಗಳೆನ್ನುತ್ತಿದ್ದೆವು. ದೂರದಲ್ಲಿ ಸ್ಫೋಟವಾದರೆ ಅದರ ನಡುಕ ಕಲ್ಲಿನೊಳಗಿಂದ ಹರಿದು ಈ ಕಿವಿಗಳಿಗೆ ಮುಟ್ಟಿ, ಯಂತ್ರದ ಲೇಖನಿ ಕಾಗದದ ಸುರುಳಿಯ ಮೇಲೆ ನೆಟ್ಟಗೆ ಒಂದು ಗೆರೆ ಎಬ್ಬಿಸುತ್ತಿತ್ತು. ನಡುಕ ಎಷ್ಟು ಬೇಗ ಬಂತೆಂಬುದರಿಂದ ಕಲ್ಲು ಗಟ್ಟಿಯೋ, ಬಿರುಕಿನದೋ, ನೀರು ಹಿಡಿದೀತೋ ಎಂದು ಹೇಳುತ್ತಿದ್ದರು. ಇದಕ್ಕೆ ಬೇಕಾದ ಸ್ಫೋಟವನ್ನು ಅವರು ಎಂದೂ ಮಾಡಲಿಲ್ಲ. ಬಾವಿ ತೋಡುವ ನಮ್ಮಂಥವರು ದಿನಾ ಮಧ್ಯಾಹ್ನ ಕಲ್ಲಿಗೆ ಮದ್ದು ಹಾರಿಸುತ್ತಿದ್ದೆವಲ್ಲ, ಅದನ್ನೇ ಕೇಳಿಸಿಕೊಳ್ಳುತ್ತಿದ್ದರು. ಯಂತ್ರ ಸಿದ್ಧವಾದಾಗ ಬಿಳಿಯ ಟವೆಲ್ ಬೀಸುತ್ತಿದ್ದರು. ನಾವು ಬತ್ತಿ ಹಚ್ಚುತ್ತಿದ್ದೆವು. ಎಲ್ಲ ಹಾರಿದ ಮೇಲೆ, ತಮ್ಮ ಕೆಲಸ ಮುಗಿಯಿತೆಂದು, ಮತ್ತೊಮ್ಮೆ ಬಿಳಿಯ ಟವೆಲ್ ಬೀಸುತ್ತಿದ್ದರು, ನಾವು ಇಳಿಯುತ್ತಿದ್ದೆವು. ನಾಲ್ಕು ಬಾವಿಗಳಲ್ಲಿ ಹೀಗೆಯೇ ನಡೆದು ನಮಗೆ ಅದು ರೂಢಿಯಾಗಿತ್ತು.

ನನ್ನನ್ನು ಅವರು ಒಂದು ಸಲ ಕೆನ್ನೆಗೆ ಹೊಡೆದಿದ್ದಾರೆ. ಹಿರೇಕೆರೂರಿನ ಕಡೆ ಕೆಲಸ ನಡೆದಾಗ ಕಿವಿಯಿಂದ ಕಿವಿಗೆ ಇರುವ ದೂರವನ್ನು ಹಗ್ಗದಿಂದ ಅಳೆದು ಬರೆಯಲು ನನಗೆ ಹೇಳಿದ್ದರು. ಬಿಸಿಲಿಗೆ ಬೇಸತ್ತು ಕೊನೆಯ ಎರಡನ್ನು ಅಳೆಯದೆ ಬರೆದಿದ್ದೆ.

"ಇದನ್ನ ಅಳದೀಯೇನೋ?"

"ಸುಮಾರು ಅಷ್ಟ ಆಗತೈತ್ರಿ ಸಾಹೇಬ್ರ."

ಅದಕ್ಕೇ ಏಟು ಬಿತ್ತು. ಕಿವಿ ಗುಂಯ್ ಎಂದಿತು. "ಸುಮಾರು ಅನ್ನೋದು ನಿನ್ನ ಮನೀ ಜ್ವಾಳಕ್ಕ ಹೇಳ್ಕೋ. ನನ್ನ ಕಾಗದದಾಗ ಸುಳ್ಳು ಬರದ್ರ ಯಾರೋ ಕಾಣದ ಊರಾಗ ಒಬ್ಬಾಂವ ಅದನ್ನ ನಂಬಿ ಬಾವಿ ತೋಡ್ತಾನ." ಆಮೇಲೆ ಹಗ್ಗದ ಇನ್ನೊಂದು ತುದಿ ತಾವೇ ಹಿಡಿದು ನನ್ನ ಜೊತೆ ಅಳೆದರು. ತಪ್ಪಾಯಿತೆಂದು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅವರ ತಂದೆಯೂ ಇಂಥವರೇ. ಮಗ ಬಾವಿ ತೋಡುವವರ ಸಾಲಿನಲ್ಲಿ ಕೂತು ರೊಟ್ಟಿ ತಿಂದನೆಂಬ ಸುದ್ದಿ ಸವಣೂರಿಗೆ ಮುಟ್ಟಿದಾಗ ಯಂತ್ರದ ಪೆಟ್ಟಿಗೆಯನ್ನು ಎತ್ತಿ ಬೀದಿಗೆ ಒಗೆದರು. ನಾನು ಅದನ್ನು ಕಂಡವನು. ಸಾಹೇಬರು ಬೀದಿಯ ಮಧ್ಯದಲ್ಲಿಯೇ ಚಕ್ಕಳ ಬಕ್ಕಳ ಹಾಕಿ ಕೂತು, ಬಿಚ್ಚಿಹೋದ ಒಂದೊಂದು ಸ್ಕ್ರೂ ಹೆಕ್ಕಿ ಯಂತ್ರವನ್ನು ಮತ್ತೆ ಜೋಡಿಸಿದರು. ತಂದೆ ಹೊಸ್ತಿಲಲ್ಲಿ ನಿಂತು ಬಯ್ಯುತ್ತಲೇ ಇದ್ದರು. ಕೆಲಸ ಮುಗಿದ ಮೇಲೆ ಮಗ ತಲೆಯೆತ್ತಿ, "ಅಪ್ಪಾ, ನೀವು ಒಗದದ್ದು ಛಲೋ ಆತು. ಒಳಗ ಒಂದು ತಂತಿ ಸಡಲಿತ್ತು, ಈಗ ಸಿಕ್ತು" ಎಂದರು. ಬೈಗಳು ನಿಂತದ್ದು ಆಗಲೇ.

ಇನ್ನು ಆ ದಿನ. ಆಡೂರಿನ ಕಡೆಯ ಒಂದು ಹಳ್ಳಿ. ಗೌಡರೊಬ್ಬರ ಗದ್ದೆಯಲ್ಲಿ ಮಣ್ಣು ತೆಗೆದು ಮುಗಿದು ಕಲ್ಲು ಹತ್ತಿತ್ತು. ಆ ಬಾವಿಯಲ್ಲಿ ಅದೇ ಮೊದಲ ಮದ್ದು. ಹನುಮಂತ ಬೆಳಗ್ಗೆಯಿಂದ ಕಲ್ಲಿನಲ್ಲಿ ಆರು ತೂತು ಹೊಡೆದಿದ್ದ. ಸಾಹೇಬರು ಎರಡು ಹೊಲಗಳಾಚೆ ಯಂತ್ರ ಇಟ್ಟುಕೊಂಡು ಟವೆಲ್ ಬೀಸಿದರು. ಹನುಮಂತ ಬತ್ತಿ ಹಚ್ಚಿ ಮೇಲೆ ಬಂದ. ನನ್ನ ಕೆಲಸ ಎಣಿಸುವುದು: ಎಡಗೈಯಲ್ಲಿ ಆರು ಹರಳು, ಒಂದು ಸಪ್ಪಳಕ್ಕೆ ಒಂದು ಹರಳು ಬಲಗೈಗೆ. ನಾಲ್ಕು ಒಂದರ ಬೆನ್ನಿಗೊಂದು ಹಾರಿದವು. ತುಸು ತಡೆದು ಐದನೆಯದು. ಅದರ ಬೆನ್ನಿಗೆ ಆರನೆಯದು. ಎಡಗೈ ಖಾಲಿಯಾಯಿತು.

ಸಪ್ಪಳ ಮುಗಿದ ಮೇಲೂ ಎರಡು ಬೀಡಿ ಸೇದುವಷ್ಟು ಹೊತ್ತು ಕಾಯುವುದು ನಮ್ಮ ಪದ್ಧತಿ. ಗೌಡರಿಗೆ ಅಷ್ಟು ತಾಳ್ಮೆಯಿರಲಿಲ್ಲ. "ಹೊಗಿ ಹತ್ತಿದ್ರ ಸಾಯ್ತೀಯೇನಲೇ ಹನುಮ್ಯಾ? ಹೆಂಡ್ತಿ ಸೆರಗ ಮುಚ್ಚಿಗೊಂಡು ಇಳಿ" ಎಂದರು. ಹನುಮಂತ ನಕ್ಕು ನನ್ನ ಮುಖ ನೋಡಿದ. ನಾನು ಸಾಹೇಬರ ಕಡೆ ನೋಡಿದೆ. ಅವರು ಓಡಿಬರುತ್ತ ಬಿಳಿಯದೇನನ್ನೋ ತಲೆಯ ಮೇಲೆ ಬೀಸುತ್ತಿದ್ದರು. ಏನೋ ಕೂಗುತ್ತಿದ್ದರು. ಕಿವಿಯಲ್ಲಿ ಮದ್ದಿನ ಗುಂಯ್‌ಗಾಟ, ಮಾತು ಕೇಳಲಿಲ್ಲ. ಬಿಳಿಯದು ಕಂಡಿತು. ಬಿಳಿಯದೆಂದರೆ ಮುಗಿಯಿತು, ಇಳಿಯಿರಿ ಎಂದೇ ನನಗೆ ಗೊತ್ತಿದ್ದ ಅರ್ಥ.

"ಇಳಿ" ಎಂದೆ.

ಅವನು ತಳ ಮುಟ್ಟಿ ಬುಟ್ಟಿ ಇಡುವಷ್ಟರಲ್ಲಿ ನೆಲ ಒದೆಯಿತು. ಬಾವಿಯ ಬಾಯಿಂದ ಕಲ್ಲು ಎದ್ದಿತು. ಒಂದು ಚೂರು ಗೌಡರ ಹಣೆ ಸೀಳಿತು. ಹನುಮಂತನನ್ನು ನಾವು ಕಂಬಳಿಯಲ್ಲಿ ಮೇಲೆ ತಂದೆವು. ಒಂದೇ ಸಲಕ್ಕೆ ತರಲಾಗಲಿಲ್ಲ. ಅವನ ಹೆಂಡತಿ ದುರ್ಗವ್ವ ಎರಡನೆಯ ಸಲ ಮೇಲೆ ಬಂದದ್ದನ್ನು ನೋಡಿ, ಅಳದೆ, ಬಾವಿಯ ದಂಡೆಯ ಕಲ್ಲಿಗೆ ತಲೆ ಚಚ್ಚಿಕೊಳ್ಳತೊಡಗಿದಳು. ಮೂರು ಜನ ಹಿಡಿಯಬೇಕಾಯಿತು.

ಅಷ್ಟರಲ್ಲಿ ಸಾಹೇಬರು ಬಂದಿದ್ದರು. ಕೈಯಲ್ಲಿ ಹರಿದ ಕಾಗದ. "ಐದ ಇದ್ದವೋ, ಐದ" ಎಂದು ಬಡಬಡಿಸುತ್ತಿದ್ದರು. ಹಣೆಯ ರಕ್ತ ಒರೆಸಿಕೊಳ್ಳುತ್ತಿದ್ದ ಗೌಡರು ನನ್ನ ಕಡೆ ತಿರುಗಿ ಕೇಳಿದರು: "ಎಷ್ಟು ಹಾರಿದ್ವು?"

"ಆರೂ ಹಾರಿದ್ವು ಗೌಡ್ರ."

"ಹಂಗಾರ ಇದು ಏಳನೇದು. ಇದು ಯಾರದು?" ಗೌಡರು ಬೆರಳು ತೋರಿಸಿದರು. "ಬಿಳಿದು ಬೀಸಿದಾಂವ ಅಂವ. ತಂತಿ ಎಳದಾಂವ ಅಂವ. ಅವನ ಮದ್ದು."

ಮೊದಲ ಏಟು ಸನಿಕೆಯ ಮರದ ಹಿಡಿಯಿಂದ ಬಿತ್ತು. ಬಿದ್ದ ಸಾಹೇಬರನ್ನು ಒದ್ದರು. ಡಬ್ಬಿಗಳನ್ನು ಕಿತ್ತು ಅವರ ಮೇಲೆಯೇ ಎಸೆದರು. ಯಾರೋ "ಬರಿಯೋ ಕೈ, ಬರಿಯೋ ಕೈ" ಎಂದು ಕೂಗಿದರು. ಬಲಗೈಯನ್ನು ಬಾವಿಯ ದಂಡೆಯ ಕಲ್ಲಿನ ಮೇಲೆ ಚಾಚಿ ಹಿಡಿದರು. ಹಾರೆಯ ಹಿಂತುದಿಯಿಂದ ಬೆರಳುಗಳನ್ನು ಕುಟ್ಟಿದರು. ಮಣಿಕಟ್ಟು ಹಿಡಿದವರು ಇಬ್ಬರು. ಅವರಲ್ಲಿ ಒಬ್ಬ ನಾನು. ಎಲುಬು ಮುರಿಯುವ ಸಪ್ಪಳವನ್ನೂ ಅಂದು ಎಣಿಸಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಸಂಚಿಕೆ "ರೊಚ್ಚಿಗೆದ್ದ ಊರು" ಎಂದು ಬರೆದಿರುವುದರಲ್ಲಿ ನನ್ನ ಎರಡು ಕೈಗಳೂ ಸೇರಿವೆ ಎಂಬುದಷ್ಟು ದಾಖಲಾಗಲಿ.

ಅವರನ್ನು ಉಳಿಸಿದವನು ಜೀಪಿನ ಚಾಲಕ, ಹುಲಗೂರಿನ ಇಮಾಮ್‌ಸಾಬ. ಸಾಹೇಬರ ಮೇಲೆ ಬೋರಲು ಬಿದ್ದು, "ನನ್ನ ಹೊಡೀರಿ, ನಾ ಬಡವರ ಮಗ, ನನಗ ರೂಢಿ ಐತಿ" ಎಂದ. ಅವನನ್ನೂ ಹೊಡೆದರು, ಎಡಗಿವಿ ಅರ್ಧ ಹರಿಯಿತು. ಆದರೆ ಆ ಮಾತಿಗೆ ಒಬ್ಬಿಬ್ಬರ ಕೈ ಸಡಿಲವಾಯಿತು, ಸಾಹೇಬರು ಬದುಕಿದರು.

ಪಂಚನಾಮೆಯಲ್ಲಿ ಗೌಡರು ಹೇಳಿದ್ದನ್ನು ನಾನು ಹೇಳಿ ಸಹಿ ಮಾಡಿದೆ. ಖಟ್ಲೆ ಮುಂದೆ ಹೋಗಲಿಲ್ಲ. ಮದ್ದಿಗೆ ಪರವಾನಗಿ ಇರಲಿಲ್ಲವಾದ್ದರಿಂದ ಅದು ಮುಂದೆ ಹೋಗುವುದು ಗೌಡರಿಗೇ ಬೇಡವಾಗಿತ್ತು. ಕಥೆ ಮಾತ್ರ ಉಳಿಯಿತು.

ಆರೇಳು ವರ್ಷ ಕಳೆದ ಮೇಲೆ ಹುಲಗೂರಿನ ದರ್ಗಾದ ಮುಂದೆ ಇಮಾಮ್‌ಸಾಬ ಸಿಕ್ಕ. ನಾನು ಮುಖ ತಪ್ಪಿಸಿದೆ. ಅವನೇ ಕೂಗಿದ. "ಯಾಕ ಓಡ್ತೀ? ಕಿವಿ ಒಂದ ಹೋಗೈತಿ, ಕಣ್ಣು ಎರಡೂ ಅದಾವು." ಚಹಾ ಕುಡಿಸಿ, ಸಾಹೇಬರು ಆ ದಿನದ ಕಾಗದವನ್ನೇ ಇಟ್ಟುಕೊಂಡು ಒಂದು ಪ್ರಬಂಧ ಬರೆದರೆಂದೂ, ಆಮೇಲೆ ಒಂದನ್ನೂ ಬರೆದಿಲ್ಲವೆಂದೂ ಹೇಳಿದ. "ಹೋಗಿ ಕೇಳು. ಹೊಡೆಯಂಗಿಲ್ಲ ಬಿಡು. ಹೊಡ್ಯಾಕ ಕೈ ಎಲ್ಲೈತಿ?"

ಸವಣೂರಿನ ಮನೆಯಲ್ಲಿ ಸಾಹೇಬರು ಎಡಗೈಯಿಂದ ಬರೆಯುತ್ತ ಕುಳಿತಿದ್ದರು. ಬಲಗೈಯ ಮೂರು ಬೆರಳು ಒಣಗಿದ ಬೇರಿನಂತೆ ಒಳಗೆ ಮಡಚಿದ್ದವು. ನನ್ನನ್ನು ಗುರುತಿಸಿ ಕೇಳಿದ್ದು ಒಂದೇ:

"ಅವತ್ತು ಎಷ್ಟು ಎಣಿಸಿದ್ದಿ?"

"ಆರು."

"ನಿನ್ನ ಕಿವಿ ಸುಳ್ಳು ಹೇಳಿಲ್ಲ ಬಿಡು. ಸಪ್ಪಳ ಆರು ಬಂದಾವ. ಮದ್ದು ಹಾರಿದ್ದು ಐದು. ಗದ್ದೀ ಆಚೆ ಅಕ್ಕಿ ಗಿರಣಿ ಕಟ್ಟಿದ್ರಲ್ಲ, ಆ ಗ್ವಾಡಿಗೆ ಬಡದು ಐದನೇದು ತಿರುಗಿ ಬಂತು. ಮೊದಲಿನ ನಾಕರ ಮಾರ್ದನಿ ಗದ್ದಲದಾಗ ಹೋತು. ಕೊನೀದು ಒಂಟಿ ಇತ್ತು, ಅದಕ್ಕ ಕೇಳಿಸ್ತು. ನನ್ನ ಲೇಖನಿ ನೆಲದ ಮಾತು ಅಷ್ಟ ಬರೀತದ. ಗಾಳಿ ಮಾತು ಬರ್ಯೂದಿಲ್ಲ."

ಮೊದಲಿನ ಬಾವಿಗಳೆಲ್ಲ ಬಯಲಿನವು. ಎದುರಿಗೆ ಗೋಡೆಯಿರುವ ಬಾವಿಯಲ್ಲಿ ನಾನು ಎಣಿಸಿದ್ದು ಅದೇ ಮೊದಲು.

"ಇದನ್ನ ಅವತ್ತ ಯಾಕ ಹೇಳಲಿಲ್ರಿ?"

"ಹೇಳಲಿಕ್ಕೇ ಓಡಿ ಬಂದೆ. ಟವೆಲ್ ಅಲ್ಲೇ ಬಿಟ್ಟು ಕಾಗದ ಹರಕೊಂಡು ಓಡಿದೆ. ಬಿಳೀದು ಬೀಸಿದ್ರ ನೀವು ಇಳೀತೀರಿ ಅಂತ ಆ ರೂಢಿ ಹಚ್ಚಿದಾಂವ ನಾನ. ಬರೀ ಕೈ ಬೀಸಬೇಕಿತ್ತು. ಅಷ್ಟು ತಪ್ಪು ನಂದದ. ಅದಕ್ಕ ಮಂದಿ ಮುಂದ ಮಾತಾಡಲಿಲ್ಲ."

"ಬರದಾದ್ರೂ ಹೇಳಬೇಕಿತ್ರಿ."

"ಹೇಳೀನಲ್ಲೋ. ಮೂರನೇ ಚಿತ್ರದಾಗ ಎಲ್ಲಾ ಹೇಳೀನಿ. ಎಣಿಸಿದವರಿಲ್ಲ."

ಆ ಇಂಗ್ಲಿಷ್ ಪ್ರಬಂಧದ ಒಂದು ಬಿಡಿ ಪ್ರತಿಯನ್ನು ಕೊಟ್ಟು ಕಳುಹಿಸಿದರು. ಅದರ ಒಂದಕ್ಷರವೂ ನನಗೆ ಓದಲು ಬರುತ್ತಿರಲಿಲ್ಲ. ಹಾವೇರಿಯಲ್ಲಿ ಹಳೆಯ ನಿಘಂಟೊಂದನ್ನು ಕೊಂಡು ಆ ಹನ್ನೊಂದು ಪುಟಗಳನ್ನು ಓದಲು ಎರಡು ವರ್ಷ ತೆಗೆದುಕೊಂಡೆ. ನನ್ನ ಇಂಗ್ಲಿಷ್ ವಿದ್ಯೆಯ ಪ್ರಾರಂಭ ಅದು; ಈಗಲೂ ಕಲ್ಲಿನ ಜಾತಿಗಳ ಹೆಸರು ಬರುತ್ತವೆ, ತರಕಾರಿಯವು ಬರುವುದಿಲ್ಲ. ಎರಡನೆಯ ಪುಟದಲ್ಲಿ ಸ್ಪಷ್ಟವಾಗಿಯೇ ಇದೆ: ಸ್ಫೋಟಗಳೆಲ್ಲ ಬಾವಿ ತೋಡುವವರು ತಮ್ಮ ಕೆಲಸಕ್ಕೆ ಮಾಡಿದವು, ಲೇಖಕನ ಬಳಿ ಸ್ಫೋಟಕ ಇರಲಿಲ್ಲ.

ಹಾಗಾದರೆ ಅವರೇ ಹಾರಿಸಿದರೆಂದು ದೇಶವಿದೇಶದ ಪಂಡಿತರು ಬರೆದದ್ದು ಹೇಗೆ? ಇದನ್ನು ತಿಳಿಯಲು ಧಾರವಾಡದ ಒಂದು ಗ್ರಂಥಾಲಯಕ್ಕೆ ಹೋದೆ. ಬಾಗಿಲಲ್ಲಿದ್ದವನು ನನ್ನ ಧೋತರ ನೋಡಿ, "ಯಜಮಾನ್ರ, ಇಲ್ಲಿ ಪಂಚಾಂಗ ಸಿಗಂಗಿಲ್ರಿ" ಎಂದ. ಯಾರ ಲೇಖನವನ್ನು ಯಾರು ಯಾರು ಉಲ್ಲೇಖಿಸಿದ್ದಾರೆಂದು ಪಟ್ಟಿ ಮಾಡುವ ದಪ್ಪ ಸಂಪುಟಗಳಿವೆ, ಅಕ್ಷರ ಇರುವೆಯಷ್ಟು. ಅವನ್ನು ಹೇಗೆ ನೋಡಬೇಕೆಂದು ಕಡೆಗೆ ಅವನೇ ತೋರಿಸಿಕೊಟ್ಟ.

ಸಾಹೇಬರು ಒಟ್ಟು ಬರೆದದ್ದು ಏಳು ಪ್ರಬಂಧ. ನಮ್ಮ ಬಾವಿಯದನ್ನು ಉಲ್ಲೇಖಿಸಿದವರು ಹನ್ನೊಂದು ಜನ. ಸಿಕ್ಕವನ್ನೆಲ್ಲ ತರಿಸಿ, ನಿಘಂಟು ಹಿಡಿದು ನೋಡಿದೆ. ಮೊದಲು ಉಲ್ಲೇಖಿಸಿದವನು "ಲೇಖಕರು ತೆರೆದ ಬಾವಿಗಳಲ್ಲಿ ಸ್ಫೋಟ ನಡೆಸಿ" ಎಂದು ಅವಸರದಲ್ಲಿ ಬರೆದುಬಿಟ್ಟಿದ್ದಾನೆ. ಅವನು ಇನ್ನೊಂದು ತಪ್ಪನ್ನೂ ಮಾಡಿದ್ದಾನೆ: ಪ್ರಬಂಧ ನಲವತ್ತೊಂದನೆಯ ಪುಟದಿಂದ ಶುರುವಾದರೆ ಇವನು ನಲವತ್ತೇಳೆಂದು ಕೊಟ್ಟಿದ್ದಾನೆ. ಅವನ ನಂತರದವರಲ್ಲಿ ಇಬ್ಬರ ಲೇಖನ ಸಿಗಲಿಲ್ಲ; ಸಿಕ್ಕ ಎಂಟು ಜನರೂ ನಲವತ್ತೇಳೆಂದೇ ಕೊಟ್ಟಿದ್ದಾರೆ. ಎಂಟು ಜನರೂ "ಸ್ಫೋಟ ನಡೆಸಿ" ಎಂದೇ ಬರೆದಿದ್ದಾರೆ. ಮೂಲವನ್ನು ತೆರೆದವನಿಗೆ ಪುಟದ ಸಂಖ್ಯೆ ತಪ್ಪುವುದಿಲ್ಲ. ಪ್ರಾಧ್ಯಾಪಕರು ಆಧಾರವೆಂದು ಕೊಟ್ಟ ಮೂರೂ ಲೇಖನಗಳು ಈ ಎಂಟರೊಳಗಿನವು.

ಇದನ್ನು ಹೇಳಲು ಮತ್ತೆ ಸವಣೂರಿಗೆ ಹೋದೆ. ಸಾಹೇಬರು ಹಾಸಿಗೆ ಹಿಡಿದಿದ್ದರು. ಎಲ್ಲ ಕೇಳಿ, ಮಡಚಿದ ಬಲಗೈಯಿಂದ ಮಂಚದ ಪಟ್ಟಿಗೆ ಗುದ್ದಿದರು. ಚರ್ಮ ಒಡೆದು ರಕ್ತ ಬಂತು. "ಇವರು ನನ್ನ ಓದಿಲ್ಲೋ. ನನ್ನ ಓದಿದಾಂವನ ಓದ್ಯಾರ." ಆಮೇಲೆ, "ನೀ ಪುಟದ ನಂಬರ್ ಹಿಡಕೊಂಡು ಹೋದದ್ದು ಯಾರು ಕಲಿಸಿದ್ರೋ?" ಎಂದರು.

"ನೀವ ಕೆನ್ನಿಗೆ ಕೊಟ್ಟಿದ್ರಲ್ರಿ."

ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಬೇರೆ ಎಂದೂ ಕೇಳಿಲ್ಲ. ಎಂಬತ್ತರ ದಶಕ ಮುಗಿಯುವ ಮುನ್ನ ಅವರು ತೀರಿಕೊಂಡರು. ಅವರ ಸಂಸ್ಥೆಯ ಹಿರಿಯರೊಬ್ಬರು ಶೋಕಸಭೆಯಲ್ಲಿ, ಒಂದೇ ಪ್ರಬಂಧಕ್ಕೆ ಹನ್ನೊಂದು ಉಲ್ಲೇಖಗಳು ಬಂದದ್ದು ಅದರ ಪ್ರಭಾವಕ್ಕೆ ಸಾಕ್ಷಿ ಎಂದು ಹೆಮ್ಮೆಯಿಂದ ಹೇಳಿದರು. ಅದರಲ್ಲಿ ಒಂಬತ್ತು ಅವರನ್ನು ಕೊಲೆಗಾರರನ್ನಾಗಿ ಮಾಡಿದ್ದವು ಎಂದು ನಾನು ಎದ್ದು ನಿಂತು ಹೇಳಿದೆ. ಯಾರೋ ನನ್ನ ರಟ್ಟೆ ಹಿಡಿದು ಹೊರಗೆ ದೂಡಿದರು. ಮೆಟ್ಟಿಲ ಮೇಲೆ ಬಿದ್ದು ಹಲ್ಲು ಒಂದು ಹೋಯಿತು.

ನನ್ನ ಮಾತನ್ನು ನಂಬಬೇಕಾಗಿಲ್ಲ. ಒಮ್ಮೆ ಸುಳ್ಳು ಸಹಿ ಹಾಕಿದವನ ಮಾತು ಸಾಕ್ಷಿಯಾಗದು. ಹನುಮಂತನ ಹೆಂಡತಿ ದುರ್ಗವ್ವ ಇನ್ನೂ ಇದ್ದಾಳೆ. ತೂತಿನಲ್ಲಿ ಮದ್ದು ಇಟ್ಟ ಮೇಲೆ ಮೇಲಿನಿಂದ ಬಿಗಿಯಲು ಹಸಿ ಮಣ್ಣಿನ ಉಂಡೆ ಬೇಕು; ಬಾವಿಯ ಕೆಲಸದಲ್ಲಿ ಅದನ್ನು ಕಟ್ಟಿಕೊಡುವುದು ಹೆಂಗಸರು. ಪಂಚನಾಮೆ ಬರೆದವರು ಅವಳನ್ನು ಏನೂ ಕೇಳಿರಲಿಲ್ಲ. ನಾನು ಹೋದ ತಿಂಗಳು ಕೇಳಿದೆ.

"ಅವತ್ತು ಎಷ್ಟು ಉಂಡಿ ಕಟ್ಟಿದ್ದಿ ಅಕ್ಕಾ?"

"ಆರು. ಏಳನೇದು ಕಟ್ಟಾಕತ್ತಿದ್ದೆ. ಸಾಕು ಬಿಡು, ಆರ ತೂತು ಅದಾವು ಅಂದ. ಅವನ ಕೂಡ ನಾ ಆಡಿದ ಕಡೀ ಮಾತು ಅದು, ಮರೀತೇನೇನು?" ನನ್ನ ಮುಖ ನೋಡಿದಳು. "ನೀನ ಇಳಿ ಅಂದಿ. ಅದನ್ನೂ ಮರ್ತಿಲ್ಲ."

ಸಾಹೇಬರದೊಂದು ಬೇರೆ ಮದ್ದು ಇದ್ದಿದ್ದರೆ ನೆಲ ಅಂದು ಏಳು ಸಲ ನಡುಗಬೇಕಿತ್ತು. ಅವರು ಕಾಗದ ಹರಿದುಕೊಂಡು ಓಡಿದ ಮೇಲೂ ಯಂತ್ರ ನಿಂತಿರಲಿಲ್ಲ. ಉಳಿದ ಸುರುಳಿಯನ್ನು ಇಮಾಮ್‌ಸಾಬ ಅಂಗಿಯೊಳಗೆ ಇಟ್ಟುಕೊಂಡು ಬಂದಿದ್ದ. ಎರಡೂ ತುಂಡುಗಳನ್ನು ಸೇರಿಸಿ ಮೂರನೆಯ ಚಿತ್ರವಾಗಿ ಅಚ್ಚು ಹಾಕಿದ್ದಾರೆ. ಸಂಪುಟ ಧಾರವಾಡದಲ್ಲಿದೆ, ಪ್ರಬಂಧ ನಲವತ್ತೊಂದನೆಯ ಪುಟದಿಂದ ಶುರುವಾಗುತ್ತದೆ, ಚಿತ್ರ ನಲವತ್ತಾರರಲ್ಲಿ. ಓದಲು ಇಂಗ್ಲಿಷ್ ಬೇಕಾಗಿಲ್ಲ. ಎಡಗಡೆಯಿಂದ ನಾಲ್ಕು ಗೆರೆ ಒತ್ತೊತ್ತಾಗಿ, ತುಸು ಬಿಟ್ಟು ಐದನೆಯದು. ಆಮೇಲೆ ಕಾಗದ ಹರಿದ ಅಂಚು. ಅಂಚಿನಿಂದ ಆಚೆ ಬೆರಳುದ್ದ ಬಯಲು. ಅದರ ಕೊನೆಗೆ ಒಂದೇ ಒಂದು ಗೆರೆ.